ಹತ್ತಿಯ ರಾಜ್ಯ, ಮ್ಯಾಗ್ನೋಲಿಯಾ ಬಾವುಟ: ಬೈಲಹೊಂಗಲದ ಎರೆಹೊಲದಿಂದ ಮಿಸಿಸಿಪ್ಪಿ

ಅಮೆರಿಕದ ರಾಜ್ಯಗಳ ಚಾರ್ಟನ್ನು ಶಾಲೆಗೆ ಕೊಳ್ಳುವವರು ಮೊದಲು ಮಿಸಿಸಿಪ್ಪಿಯ ಬಾವುಟ ನೋಡಬೇಕು. ಎಡಗಡೆ ಮೇಲ್ಮೂಲೆಯಲ್ಲಿ ಕೆಂಪು ಚೌಕ, ಅದರ ಮೇಲೆ ಕತ್ತರಿಯಂತೆ ಹಾಯ್ದ ನೀಲಿ ಪಟ್ಟಿ, ಪಟ್ಟಿಯೊಳಗೆ 13 ಬಿಳಿ ನಕ್ಷತ್ರ ಕಂಡರೆ ಅದು ಹಳೆಯ ಚಾರ್ಟು. ಆ ಬಾವುಟವನ್ನು 2020ರಲ್ಲೇ ಇಳಿಸಿಯಾಗಿದೆ. ಕ್ವಿಜ್ ಪುಸ್ತಕ ಮತ್ತು ಜಿಕೆ ಗೈಡುಗಳಲ್ಲಿ ತಪ್ಪು ಉಳಿಯುವುದು ಹೆಚ್ಚಾಗಿ ಇಲ್ಲೇ, ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ಅಚ್ಚು ಹಾಕುವುದರಿಂದ.

ಈಗಿನ ಬಾವುಟ ಬರೆಸುವಾಗ ಹೀಗೆ ಎಣಿಸಿ. ನಡುವೆ ಅಗಲವಾದ ಕಡುನೀಲಿ ಪಟ್ಟಿ. ಅದರ ಎರಡೂ ಬದಿಗೆ ತೆಳ್ಳಗಿನ ಬಂಗಾರದ ಗೆರೆ, ಗೆರೆಯ ಆಚೆ ಕೆಂಪು ಪಟ್ಟಿ. ಪಟ್ಟಿಗಳು ನಿಲುವಾಗಿರುತ್ತವೆ, ಅಡ್ಡ ಅಲ್ಲ. ನೀಲಿಯ ಮಧ್ಯೆ ಅರಳಿದ ಬಿಳಿ ಮ್ಯಾಗ್ನೋಲಿಯಾ ಹೂವು, ಕೆಳಗೆ ‘ಇನ್ ಗಾಡ್ ವಿ ಟ್ರಸ್ಟ್’. ಹೂವಿನ ಸುತ್ತ ಬಿಳಿ ನಕ್ಷತ್ರ 20, ಯಾಕೆಂದರೆ ಮಿಸಿಸಿಪ್ಪಿ ಒಕ್ಕೂಟಕ್ಕೆ ಸೇರಿದ 20ನೆಯ ರಾಜ್ಯ. ಮೇಲ್ತುದಿಯಲ್ಲಿರುವ ಬಂಗಾರದ ನಕ್ಷತ್ರ ಬೇರೆಯದು. ಅದು ಆ ನೆಲದ ಮೂಲನಿವಾಸಿಗಳ ಗುರುತು, ಐದು ವಜ್ರಾಕಾರದ ತುಂಡು ಕೂಡಿಸಿ ಮಾಡಿದ್ದು. ಮಕ್ಕಳು ಚಿತ್ರ ಬರೆಯುವಾಗ 21 ನಕ್ಷತ್ರಕ್ಕೂ ಬಿಳಿ ಬಣ್ಣ ಬಳಿದರೆ ಆ ಮೂಲನಿವಾಸಿಗಳೇ ಚಿತ್ರದಿಂದ ಅಳಿಸಿಹೋಗುತ್ತಾರೆ. ಆ ಒಂದು ನಕ್ಷತ್ರಕ್ಕಾಗಿ ಹಳದಿ ಕ್ರೇಯಾನ್ ಎತ್ತಿಡಿ.

ಆದರೆ ರಾಜ್ಯಹೂವು, ರಾಜ್ಯಪಕ್ಷಿ ಎಂದು ಪಟ್ಟಿ ಬಾಯಿಪಾಠ ಮಾಡಿಸಿದರೆ ಮಿಸಿಸಿಪ್ಪಿ ತಿಳಿಯುವುದಿಲ್ಲ. ಬಾವುಟದ ಮೇಲೆ ಹತ್ತಿ ಇಲ್ಲ, ಆದರೆ ಆ ರಾಜ್ಯವನ್ನು ಕಟ್ಟಿದ್ದೂ ಕೆಡಿಸಿದ್ದೂ ಹತ್ತಿ. ಹತ್ತಿ ಬೆಳೆಯುವ ನಮ್ಮ ಕಡೆಯವರಿಗೆ ಈ ದಾರಿಯಿಂದ ಹೇಳಿದರೆ ಬೇಗ ತಲೆಗೆ ಹೋಗುತ್ತದೆ.

1817ರ ಡಿಸೆಂಬರ್ 10ರಂದು ಮಿಸಿಸಿಪ್ಪಿ ರಾಜ್ಯವಾಯಿತು. ಆಗ ಅಲ್ಲಿನ ಬಹುಪಾಲು ಭೂಮಿ ಮೂಲನಿವಾಸಿಗಳಾದ ಚಾಕ್ಟಾ ಮತ್ತು ಚಿಕಸಾ ಜನರದು. 1830ರ ಡ್ಯಾನ್ಸಿಂಗ್ ರ್‍ಯಾಬಿಟ್ ಕ್ರೀಕ್ ಒಪ್ಪಂದದಲ್ಲಿ ಚಾಕ್ಟಾ ಜನ ಸುಮಾರು 1 ಕೋಟಿ 10 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು, 1832ರಲ್ಲಿ ಚಿಕಸಾ ಜನರ ಸರದಿ. ಖಾಲಿಯಾದ ನೆಲದಲ್ಲಿ ಹತ್ತಿ ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಗುಲಾಮರನ್ನು ತಂದರು. ಹತ್ತಿ ಬಿಡಿಸುವ ಕೆಲಸ ಎಷ್ಟು ಆಳು ಬೇಡುತ್ತದೆ ಎಂದು ಬೈಲಹೊಂಗಲ, ಸವದತ್ತಿ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 1860ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 7,91,305, ಅದರಲ್ಲಿ 4,36,631 ಮಂದಿ ಗುಲಾಮರು. ಅರ್ಧಕ್ಕಿಂತ ಹೆಚ್ಚು ಜನ ಇನ್ನೊಬ್ಬರ ಆಸ್ತಿಯಾಗಿ ಲೆಕ್ಕಕ್ಕೆ ಸಿಕ್ಕಿದ್ದರು. ಈ ಅಂಕಿ ಬಿಟ್ಟು ಆ ಬಾವುಟದ ಪಾಠ ಶುರು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1861ರ ಜನವರಿ 9ರಂದು ಮಿಸಿಸಿಪ್ಪಿ ಒಕ್ಕೂಟ ಬಿಟ್ಟಿತು. ಹಾಗೆ ಬಿಟ್ಟವುಗಳಲ್ಲಿ ಎರಡನೆಯದು. ಕಾರಣವನ್ನು ಮುಚ್ಚಿಡಲಿಲ್ಲ, ಗುಲಾಮಗಿರಿಯ ಸಲುವಾಗಿಯೇ ಎಂದು ತಮ್ಮ ಘೋಷಣೆಯಲ್ಲಿ ನೇರವಾಗಿ ಬರೆದರು. ಆಗ ಹಾರಿಸಿದ ಬಾವುಟದಲ್ಲೂ ಮ್ಯಾಗ್ನೋಲಿಯಾ ಇತ್ತು, ಹೂವಲ್ಲ, ಇಡೀ ಮರ. ಈಗಿನದರ ಜೊತೆ ಅದನ್ನು ಕಲಸಬಾರದು. ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ಅಂತರ್ಯುದ್ಧ ಹತ್ತಿತು. 1863ರ ಜುಲೈ 4ರಂದು ನದಿದಂಡೆಯ ವಿಕ್ಸ್‌ಬರ್ಗ್ ಕೋಟೆ ಶರಣಾದ ಮೇಲೆ ಮಿಸಿಸಿಪ್ಪಿ ನದಿ ಉತ್ತರದವರ ಕೈಗೆ ಹೋಯಿತು. ಯುದ್ಧ ಮುಗಿದು, 1870ರಲ್ಲಿ ರಾಜ್ಯವನ್ನು ಮತ್ತೆ ಒಕ್ಕೂಟದೊಳಗೆ ತೆಗೆದುಕೊಂಡರು.

13 ನಕ್ಷತ್ರದ ಬಾವುಟದ ಮೂಲೆಯಲ್ಲಿದ್ದದ್ದು ಆ ಯುದ್ಧದಲ್ಲಿ ದಕ್ಷಿಣದ ಸೈನ್ಯ ಹಿಡಿದ ಚಿಹ್ನೆ. ಹಾಗಾಗಿ ಬಾವುಟವೂ ಯುದ್ಧದ ಕಾಲದ್ದು ಎಂದು ಹಲವರು ತಿಳಿದಿದ್ದಾರೆ. ಅದು ಬಂದದ್ದು 1894ರಲ್ಲಿ, ಯುದ್ಧ ಮುಗಿದು ಸುಮಾರು ಮೂವತ್ತು ವರ್ಷಕ್ಕೆ. ಅದಕ್ಕೆ ನಾಲ್ಕು ವರ್ಷ ಮೊದಲು, 1890ರ ಸಂವಿಧಾನದಲ್ಲಿ, ಮತ ಹಾಕಲು ಎರಡು ಡಾಲರ್ ತೆರಿಗೆ ಮತ್ತು ಓದುವ ಪರೀಕ್ಷೆ ಇಟ್ಟು ಕಪ್ಪು ಜನರನ್ನು ಮತಪಟ್ಟಿಯಿಂದ ಹೊರಗೆ ಹಾಕಿದ್ದರು. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದುಕೊಂಡರೆ ಆ ಬಾವುಟ ಯಾರಿಗೆ ಏನು ಹೇಳಲು ಹಾರಿತು ಎಂಬುದು ತಾನೇ ಗೊತ್ತಾಗುತ್ತದೆ.

ಮುಂದಿನದು ಕಾನೂನಿನ ಕಥೆ. 1906ರಲ್ಲಿ ಕಾಯ್ದೆಗಳನ್ನು ಹೊಸದಾಗಿ ಕ್ರೋಡೀಕರಿಸಿದಾಗ ಬಾವುಟದ ಕಲಮು ಬಿಟ್ಟುಹೋಗಿತ್ತು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹೇಳಿತು. ಅಂದರೆ 94 ವರ್ಷ ಕಂಬದ ಮೇಲೆ ಹಾರುತ್ತಿದ್ದ ಬಾವುಟಕ್ಕೆ ಕಾನೂನಿನ ಬಲ ಇರಲಿಲ್ಲ. 2001ರ ಏಪ್ರಿಲ್‌ನಲ್ಲಿ ಜನಮತ ಕೇಳಿದರು, ಶೇ. 64ರಷ್ಟು ಮಂದಿ ಹಳೆಯದೇ ಇರಲಿ ಎಂದರು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತ ಮೇಲೆ ಒತ್ತಡ ಮತ್ತೆ ಏರಿತು. ಮಸೂದೆ ಮಂಡಿಸುವ ಗಡುವು ಆಗಲೇ ಮುಗಿದಿತ್ತು. ಹೀಗಾಗಿ ಮೊದಲು ಮೂರರಲ್ಲಿ ಎರಡು ಪಾಲು ಬಹುಮತದಿಂದ ನಿಯಮ ಸಡಿಲಿಸಬೇಕಾಯಿತು. ಮರುದಿನ, ಜೂನ್ 28ರಂದು, ಮಸೂದೆ ಕೆಳಮನೆಯಲ್ಲಿ 91-23, ಮೇಲ್ಮನೆಯಲ್ಲಿ 37-14 ಮತದಿಂದ ಪಾಸಾಯಿತು. ಜೂನ್ 30ರಂದು ಗವರ್ನರ್ ಸಹಿ ಬಿತ್ತು. ಒಂಬತ್ತು ಜನರ ಆಯೋಗಕ್ಕೆ ಸುಮಾರು 3,000 ವಿನ್ಯಾಸ ಬಂದವು. ಷರತ್ತು ಎರಡೇ: ದಕ್ಷಿಣದವರ ಹಳೆಯ ಯುದ್ಧಚಿಹ್ನೆ ಇರಬಾರದು, ‘ಇನ್ ಗಾಡ್ ವಿ ಟ್ರಸ್ಟ್’ ಇರಲೇಬೇಕು. ನವೆಂಬರ್ 3ರಂದು ಜನ ಒಪ್ಪಿದರು, 2021ರ ಜನವರಿಯಲ್ಲಿ ಕಾನೂನಾಯಿತು. ಹಳದಿ-ಕೆಂಪು ಬಾವುಟಕ್ಕಾಗಿ ಬೀದಿಗಿಳಿದ ಬೆಳಗಾವಿಯವರಿಗೆ ಬಾವುಟದ ಬಗ್ಗೆ ಜನ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದು ಹೊಸ ಪ್ರಶ್ನೆಯಲ್ಲ.

ಇನ್ನು ನಮ್ಮ ಹೊಲದ ಮಾತು. ಅಮೆರಿಕದ ಹತ್ತಿಯನ್ನೇ ನೆಚ್ಚಿಕೂತ ಇಂಗ್ಲೆಂಡಿನ ಗಿರಣಿಗಳಿಗೆ ಬೇರೆ ದಾರಿ ಹುಡುಕಲು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಬೆಳೆಗಾರರನ್ನೇ ಇಲ್ಲಿಗೆ ಕರೆತಂದಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿ ನೋಡಿದರು. ಬೇರೆ ಕಡೆ ನೆಲ ಕಚ್ಚಿದ ಬೀಜ ಇಲ್ಲಿ ಹಿಡಿಯಿತು, ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ಅದರ ಜೊತೆಗೇ ಅರಳೆಯಿಂದ ಕಾಳು ಬೇರ್ಪಡಿಸುವ ಗರಗಸದ ಹಲ್ಲಿನ ಯಂತ್ರ, ಜಿನ್ನು, ಬಂತು, ಯಾಕೆಂದರೆ ಈ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ, ಉರುಳೆಯಲ್ಲಿ ಬಿಡಿಸುವುದು ತೀರಾ ನಿಧಾನ. ಹಲ್ಲು ಮೊಂಡಾದರೆ ಜಿನ್ನು ಅರಳೆಯನ್ನು ಬಿಡಿಸುವ ಬದಲು ಹರಿಯುತ್ತದೆ, ಎಳೆ ಗಿಡ್ಡಾಗುತ್ತದೆ, ದರ ಬೀಳುತ್ತದೆ. 1861ರಿಂದ 65ರವರೆಗೆ ಅಲ್ಲಿನ ಬಂದರುಗಳು ಬಂದಾದಾಗ ಇಲ್ಲಿ ದರ ಗಗನಕ್ಕೇರಿತು. ಅಂಡಿಗೆಯಲ್ಲಿ ಬೆರಕೆ ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬೈ ಸರಕಾರ ಹತ್ತಿ ಮೋಸ ತಡೆಯಲೆಂದೇ ಕಾಯ್ದೆ ತಂದಿತು. ಯುದ್ಧ ನಿಂತಿತು, ದರವೂ ಕುಸಿಯಿತು. ಇವತ್ತು ಬೈಲಹೊಂಗಲದ ಎರೆಯಲ್ಲಿ ನಿಂತಿರುವ ಬಿಟಿ ಹತ್ತಿಯೂ ಮಿಸಿಸಿಪ್ಪಿಯ ಹತ್ತಿಯೂ ಒಂದೇ ಜಾತಿ, ಗಾಸಿಪಿಯಂ ಹಿರ್ಸುಟಮ್. ನಮ್ಮ ಹಳೆಯ ಜವಾರಿ ಹತ್ತಿ, ಜಯಧರ ಇದ್ದಂತೆ, ಬೇರೆ ಜಾತಿಯದು.

1900ರಲ್ಲಿ ಮಿಸಿಸಿಪ್ಪಿಯ ಶಾಲಾಮಕ್ಕಳು ರಾಜ್ಯಹೂವಿಗೆ ಮತ ಹಾಕಿದಾಗ ಹತ್ತಿಹೂವಿಗೆ 4,171 ಬಿತ್ತು, ಮ್ಯಾಗ್ನೋಲಿಯಾಕ್ಕೆ 12,745. ಶಾಸನಸಭೆ ಅದನ್ನು ಅಧಿಕೃತ ಮಾಡಿದ್ದು 1952ರಲ್ಲಿ. ರಾಜ್ಯವೃಕ್ಷವೂ ಅದೇ. ಪಕ್ಷಿ ಮಾಕಿಂಗ್‌ಬರ್ಡ್, 1944ರಿಂದ.

ಮ್ಯಾಗ್ನೋಲಿಯಾ ಗ್ರಾಂಡಿಫ್ಲೋರಾ ನಮ್ಮ ಸಂಪಿಗೆಯ ಕುಲದ್ದೇ ಮರ. ಸಂಪಿಗೆ ಎಲೆಯ ಕಂಕುಳಲ್ಲಿ ಹೂ ಬಿಡುತ್ತದೆ, ಇದು ಟೊಂಗೆಯ ತುದಿಯಲ್ಲಿ. ಹೂವು ಒಂದೊಂದೂ 20ರಿಂದ 30 ಸೆಂ.ಮೀ. ಅಗಲ. ಎಲೆ ದಪ್ಪ, ಮೇಲೆ ಮಿರಮಿರ ಹಸಿರು, ಬಹಳಷ್ಟು ಗಿಡಗಳಲ್ಲಿ ಅಡಿಯಲ್ಲಿ ತುಕ್ಕಿನ ಬಣ್ಣದ ನವಿರು. ಹಚ್ಚುವ ಆಸೆಯಿದ್ದರೆ ಖಾನಾಪುರ, ಬೆಳಗಾವಿ ಕಡೆಯ ಕೆಂಪು ಹುಳಿಮಣ್ಣು ಒಳ್ಳೆಯದು. ವಿಜಯಪುರದ ಸುಣ್ಣ ತುಂಬಿದ ಎರೆಯಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಅಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್) ಮಣ್ಣಿಗೆ ಹಾಕಿದರೆ ಸುಣ್ಣ ಅದನ್ನು ಕಟ್ಟಿಹಾಕುತ್ತದೆ, ಹಾಗೆ ಸುಣ್ಣಕ್ಕೆ ಸಿಕ್ಕಿಬೀಳದ ಕಬ್ಬಿಣದ ಇಡಿಡಿಎಚ್‌ಎ ಚೀಲೇಟ್ ಬೇಕು. ಎರಡು ಅಡಿ ಉದ್ದ-ಅಗಲ-ಆಳದ ಗುಂಡಿ ತೋಡಿ, ಅದೇ ಮಣ್ಣಿಗೆ ಕೊಳೆತ ಗೊಬ್ಬರ ಬೆರೆಸಿ, ಬುಡ ನೆಲದ ಮಟ್ಟಕ್ಕೇ ಬರುವಂತೆ ನೆಡಿ. ಬೇರು ಮೇಲ್ಮೇಲೆ ಹರಡುತ್ತದೆ, ಮೆತ್ತಗಿರುತ್ತದೆ. ಹಾಗಾಗಿ ಬುಡದಲ್ಲಿ ಗುದ್ದಲಿ ಆಡಿಸಬೇಡಿ, ಒಣ ಎಲೆ ಹೊದಿಸಿ. ಗೋಡೆಯಿಂದ ಕನಿಷ್ಠ 20 ಅಡಿ ದೂರವಿರಲಿ.

ಕಸಿ ಗಿಡ ಎರಡು-ಮೂರು ವರ್ಷದಲ್ಲಿ ಹೂ ಕಾಣಿಸಬಹುದು, ಬೀಜದ ಗಿಡಕ್ಕೆ ಹತ್ತು ವರ್ಷವಾದರೂ ಕಾಯಬೇಕು. ಬೀಜ ಒಣಗಿದರೆ ಸಾಯುತ್ತದೆ. ಕೆಂಪು ಸಿಪ್ಪೆ ಉಜ್ಜಿ ತೆಗೆದು, ಒದ್ದೆ ಉಸುಕಿನಲ್ಲಿ ಹಾಕಿ, ಮೂರು ತಿಂಗಳು ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು ಆಮೇಲೆ ಬಿತ್ತಬೇಕು. ಅಮೆರಿಕದಲ್ಲಿರುವ ಮಕ್ಕಳ ಬ್ಯಾಗಿನಲ್ಲಿ ಬೀಜ ತರಿಸುವುದು ಬೇಡ. ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಬೀಜವನ್ನು ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಬೆಂಗಳೂರಿನ ದೊಡ್ಡ ನರ್ಸರಿಗಳಲ್ಲಿ ಕಸಿ ಗಿಡ ಕೇಳಿ ನೋಡುವುದೇ ಸರಿ.