800 ಡಿಗ್ರಿಯ ಕಾಟ

ಇಲ್ಲಿ ಜಪಾನಿನ ಸೆಂಡಾಯಿಯಲ್ಲಿ ರಾತ್ರಿ ಹನ್ನೆರಡಾದರೆ ಊರಲ್ಲಿ ಎಂಟೂವರೆ. ಅಮ್ಮ ಊಟ ಮುಗಿಸಿ ಫೋನ್ ಮಾಡುವ ಹೊತ್ತು. "ಇನ್ನೂ ಲ್ಯಾಬಲ್ಲೇ ಇದ್ದೀಯಾ? ಅದೇನು ಅಷ್ಟೊತ್ತು ಸುಡ್ತೀಯೋ!" ಅನ್ನುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಸುಡುವುದು ಬೆರಳಗಲದ ಕಪ್ಪು ಪಟ್ಟಿಯೊಂದನ್ನು. ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್, ಅದರೊಳಗೆ ಅದರದೇ ಎಳೆಗಳು. ಒಂದೊಂದು ಎಳೆ ಸುಮಾರು 12 ಮೈಕ್ರಾನ್ ದಪ್ಪ, ಕೂದಲಿಗಿಂತ ತುಂಬಾ ತೆಳು. ಪಾಲಿಮರ್ ಕರಗಿಸಿ, ಎಳೆ ತೆಗೆದು, ಸುಟ್ಟು ಸೆರಾಮಿಕ್ ಮಾಡುವ ದಾರಿಯನ್ನು 1975ರಲ್ಲಿ ತೋರಿಸಿದವರು ಇದೇ ತೋಹೊಕು ವಿಶ್ವವಿದ್ಯಾಲಯದ ಸೆಯಿಶಿ ಯಾಜಿಮಾ. ಅವರಿದ್ದ ಕಡೆ ಕೆಲಸ ಮಾಡುವುದು ನನಗೆ ದೊಡ್ಡ ಮಾತು. ಇವತ್ತು ಏರ್‌ಬಸ್ ಎ320ನಿಯೋ ವಿಮಾನಗಳಲ್ಲಿ ಎಷ್ಟೋ ಹಾರುವುದು ಲೀಪ್ ಎಂಜಿನ್ನಿನಿಂದ. ಅದರ ಟರ್ಬೈನ್ ಸುತ್ತ ಇಂಥದೇ ಸೆರಾಮಿಕ್ಕಿನ ಬಿಲ್ಲೆಗಳಿವೆ. ಅಂಥ ಜಾಗಕ್ಕೆ ಸಾಮಾನ್ಯವಾಗಿ ಬಳಸುವ ನಿಕಲ್ ಮಿಶ್ರಲೋಹದ ಮೂರರಲ್ಲೊಂದು ಪಾಲು ತೂಕ ಅಷ್ಟೇ.

ಪಿಂಗಾಣಿ ಬಟ್ಟಲು ಬಿದ್ದರೆ ಚೂರು ಚೂರು. ಇದು ಹಾಗಲ್ಲ. ಎಳೆಗಳ ಮೇಲೆ ಬೋರಾನ್ ನೈಟ್ರೈಡಿನ ತೆಳು ಲೇಪ ಇರುತ್ತದೆ. ಅದರ ಹಿಡಿತ ಬೇಕೆಂದೇ ಸಡಿಲ. ಬಿರುಕು ಬಂದು ಅಲ್ಲಿಗೆ ತಾಗಿದರೆ ಪಕ್ಕಕ್ಕೆ ತಿರುಗುತ್ತದೆ, ಎಳೆ ಉಳಿದುಕೊಳ್ಳುತ್ತದೆ.

ಜಾಸ್ತಿ ಬಿಸಿಯೇ ಜಾಸ್ತಿ ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಒಂದು ಪಟ್ಟಿಯನ್ನು ಮೊದಲೇ ಸ್ವಲ್ಪ ಬಿರುಕು ಬರುವಷ್ಟು ಎಳೆದು, 1200 ಡಿಗ್ರಿಯಲ್ಲಿ ಭಾರ ಕಟ್ಟಿದಂತೆ ಹಿಡಿದೆವು. ವಾರ ಕಳೆದರೂ ತಡೆಯಿತು. ಅದೇ ಭಾರ, 800 ಡಿಗ್ರಿ, ಜೊತೆಗೆ ಹಬೆ: ಎರಡನೇ ರಾತ್ರಿಗೇ ತುಂಡು!

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ವಾರ ತಡೆದದ್ದನ್ನು ಆಮೇಲೆ ಎಳೆದು ಮುರಿದಿದ್ದೆವು. ಅದರ ತುದಿ ತೆಂಗಿನಕಡ್ಡಿ ಪೊರಕೆಯ ಹಾಗೆ, ಎಳೆಗಳೆಲ್ಲ ಹೊರಗೆ ಚಾಚಿದ್ದವು. 800ರಲ್ಲಿ ತುಂಡಾದದ್ದು ಚಾಕುವಿನಲ್ಲಿ ಸೌತೆಕಾಯಿ ಕೊಯ್ದಷ್ಟು ಸಪಾಟು. ಎಳೆ ಎಳೆಯ ಸುತ್ತ ಗಾಜು ಕಟ್ಟಿತ್ತು.

ಹೆಚ್ಚು ಬಿಸಿಯಲ್ಲಿ ಸಿಲಿಕಾ, ಅಂದರೆ ಈ ಸೆರಾಮಿಕ್ ಆಮ್ಲಜನಕದ ಜೊತೆ ಸೇರಿ ಆಗುವ ಗಾಜು, ಬೇಗ ಬೆಳೆದು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. 800ರಲ್ಲಿ ಅದು ನಿಧಾನ. ಬಾಯಿ ತೆರೆದೇ ಇರುತ್ತದೆ. ಆಮ್ಲಜನಕ, ಹಬೆ ಎರಡೂ ಒಳಗೆ ನುಗ್ಗಿ ಲೇಪವನ್ನು ತಿನ್ನುತ್ತವೆ. ಆ ಜಾಗದಲ್ಲಿ ಗಾಜು ಕೂತು ಎಳೆಯನ್ನು ಗಟ್ಟಿಯಾಗಿ ಅಂಟಿಸುತ್ತದೆ. ಸಡಿಲ ಹೋಯಿತು ಅಂದರೆ ಮತ್ತೆ ಪಿಂಗಾಣಿ ಬಟ್ಟಲೇ ಅಲ್ವಾ? ಎಂಜಿನ್ನಿನ ಭಾಗಗಳಲ್ಲೂ ಇಷ್ಟು ಬಿಸಿಯ ಜಾಗಗಳು ಇದ್ದೇ ಇರುತ್ತವೆ. ನನಗೆ ನಿದ್ದೆ ಬಿಡಿಸಿರುವುದು ಅದೇ.

ಲೇಪಕ್ಕೆ ಸ್ವಲ್ಪ ಸಿಲಿಕಾನ್ ಬೆರೆಸಿದರೆ ಹಬೆಯನ್ನು ಇನ್ನಷ್ಟು ಹೊತ್ತು ತಡೆಯುತ್ತದೆ. ಅಂಥದೊಂದು ಪಟ್ಟಿ ಈಗ 800ರಲ್ಲಿ ಕೂತಿದೆ. ಇವತ್ತಿಗೆ ಮೂರನೇ ರಾತ್ರಿ. ಅದಕ್ಕೇ ಅಮ್ಮಾ, ಇನ್ನೂ ಲ್ಯಾಬಲ್ಲೇ ಇದ್ದೀನಿ.