ಕೆಳಗಿನ ರ್‍ಯಾಕಿನ ಮಣೂಕ

ವಿಜಯಪುರದಿಂದ ತಿಕೋಟಾ ಕಡೆ ಹೋದರೆ ನೆಟ್ ಕಟ್ಟಿದ ದ್ರಾಕ್ಷಿ ಶೆಡ್‌ಗಳು ಕಾಣುತ್ತವೆ. ಅಂಥ ಒಂದು ಮಣೂಕ, ಅಂದರೆ ಒಣದ್ರಾಕ್ಷಿ, ಘಟಕದಲ್ಲಿ ನಾನು ಸೂಪರ್‌ವೈಸರ್.

ನಮ್ಮ ಭಾಗದ ಮಣೂಕ ಬಹಳಷ್ಟು ಈಗಲೂ ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಹೋಗುತ್ತದೆ. ನಾವೂ ಮೊದಲು ಅಲ್ಲಿಗೇ ಕಳಿಸುತ್ತಿದ್ದೆವು. ಆಮೇಲೆ ತೊಳೆದು, ಗ್ರೇಡ್ ಮಾಡಿ, 15 ಕೆಜಿ ಬಾಕ್ಸ್ ತುಂಬುವ ಕೆಲಸವನ್ನೂ ಇಲ್ಲೇ ಶುರು ಮಾಡಿದೆವು. ಮಾಲು ಒದ್ದೆ ಇದ್ದರೆ ಅಲ್ಲಿ ವ್ಯಾಪಾರಿ ಹಿಡಿದು ನೋಡಿ ದರ ಕಡಿಮೆ ಮಾಡುತ್ತಿದ್ದ, ಅಷ್ಟೇ. ಬಾಕ್ಸ್ ಮೇಲೆ ನಮ್ಮ ಹೆಸರು ಬಂದ ಮೇಲೆ ಕಥೆ ಬೇರೆ.

ದ್ರಾಕ್ಷಿ ಸಿಪ್ಪೆಯ ಮೇಲೆ ತೆಳ್ಳನೆಯ ಮೇಣ ಇರುತ್ತದೆ. ಅದು ನೀರನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ 100 ಲೀಟರ್ ನೀರಿಗೆ ಎರಡೂವರೆ ಕೆಜಿ ಪೊಟ್ಯಾಶಿಯಂ ಕಾರ್ಬೊನೇಟ್, ಮೇಣ ಸಡಿಲಿಸುವ ಡಿಪ್ಪಿಂಗ್ ಆಯಿಲ್ ಒಂದೂವರೆ ಲೀಟರ್ ಕಲಸಿ, ಗೊನೆಗಳನ್ನು ಎರಡು-ಮೂರು ನಿಮಿಷ ಅದ್ದುತ್ತೇವೆ. ನಂತರ ರ್‍ಯಾಕಿನ ಮೇಲೆ ಹರವಿದರೆ ಸುಮಾರು ಎರಡು ವಾರಕ್ಕೆ ಮಣೂಕ. ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಒಂದು ಕೆಜಿ. ಒಂದಿಷ್ಟು ತೇವ ಉಳಿದರೆ ತೂಕ ಜಾಸ್ತಿ ಸಿಗುತ್ತದೆ ಅಲ್ವಾ, ಆಸೆ ಹುಟ್ಟುವುದೇ ಅಲ್ಲಿ.

ಆ ಏಪ್ರಿಲ್‌ನಲ್ಲಿ ನನ್ನನ್ನು ಕೆಡಿಸಿದ್ದು ಆಸೆಯಲ್ಲ, ಮೋಡ. ಮಳೆ ಬಿದ್ದರೆ ಮಣೂಕ ಕಪ್ಪಾಗುತ್ತದೆ ಎಂದು ಗಾಬರಿಯಾಗಿ ಹನ್ನೆರಡನೇ ದಿನಕ್ಕೇ ಮಾಲು ಇಳಿಸಿದೆ. ತೇವ ನೋಡದೆ ಇಳಿಸಲಿಲ್ಲ. ಮೀಟರ್ ಹಿಡಿದು ನೋಡಿದೆ, ಶೇಕಡಾ 15 ತೋರಿಸಿತು. ಅಷ್ಟಿದ್ದರೆ ಇಳಿಸಬಹುದು. ಸ್ಯಾಂಪಲ್ ಮಾತ್ರ ನಿಂತಲ್ಲೇ ಕೈಗೆ ಸಿಕ್ಕ ರ್‍ಯಾಕಿನದು.

ಶೆಡ್‌ನಲ್ಲಿ ಇಪ್ಪತ್ತು ವರ್ಷ ದುಡಿದ ಕಾಕಾ ಒಬ್ಬರಿದ್ದಾರೆ. ಕೆಳಗಿನಿಂದ ಒಂದು ಮುಷ್ಟಿ ತೆಗೆದು ಒತ್ತಿ, ಕೈ ಬಿಚ್ಚಿ ತೋರಿಸಿದರು. ಕಾಳು ಉದುರದೆ ಉಂಡೆಯಾಗಿ ಕೂತಿತ್ತು. "ತಳದಾಗ ಗಾಳಿ ಆಡಂಗಿಲ್ಲ, ಇನ್ನೆರಡ ದಿನ ಬಿಡ್ರಿ ಸರ," ಅಂದರು. ನಾನು ಮೀಟರ್ ತೋರಿಸಿದೆ. ಅವರು ಸುಮ್ನೆ ಹೋದರು.

ಮಳೆ ಬರಲೇ ಇಲ್ಲ! ಕೋಲ್ಡ್ ಸ್ಟೋರೇಜ್‌ನಲ್ಲಿ ಜಾಗ ಸಿಗದೆ ಬಾಕ್ಸ್‌ಗಳು ಮೂರು ವಾರ ಗೋದಾಮಿನಲ್ಲೇ ಕೂತವು. ಮೇ ತಿಂಗಳ ಬಿಸಿಲು ಬೇರೆ. ಖರೀದಿದಾರ ಬಾಕ್ಸ್ ಬಿಚ್ಚಿದಾಗ ಹುಳಿ ವಾಸನೆ. ಮೇಲಿನ ಮತ್ತು ಕೆಳಗಿನ ರ್‍ಯಾಕಿನ ಮಾಲು ಒಂದೇ ರಾಶಿಯಲ್ಲಿ ಬೆರೆತಿತ್ತು. ಹಾಗಾಗಿ ಯಾವ ಬಾಕ್ಸ್ ಚೆನ್ನಾಗಿದೆ ಎಂದು ಹೇಳುವುದಕ್ಕೂ ಆಗಲಿಲ್ಲ. ಇಡೀ ಲಾಟ್ ವಾಪಸ್.

ಈಗ ಒಂದೊಂದು ರ್‍ಯಾಕಿನ ಮಾಲು ಬೇರೆ ಬೇರೆ ಕ್ರೇಟಿಗೆ ಇಳಿಯುತ್ತದೆ, ಕ್ರೇಟಿಗೆ ಚೀಟಿ. ಮೀಟರ್ ಹಿಡಿಯುವವರು ಮೊದಲು ನೆಲಕ್ಕೆ ಕೂರಬೇಕು. ನನ್ನ ಮೊಣಕಾಲಿಗೆ ಇದು ಹಿಡಿಸಿಲ್ಲ. ಕಾಕಾ ಮಾತ್ರ ಇನ್ನೂ ಮುಷ್ಟಿಯನ್ನೇ ನಂಬುತ್ತಾರೆ. ಅವರು ತಲೆ ಆಡಿಸಿದ ಮೇಲೆಯೇ ನಾನು ಮೀಟರ್ ನಂಬರ್ ಬರೆದುಕೊಳ್ಳುವುದು.