ಪಿನ್ ಕೋಡ್ ನೋಡಿ ಜಿಲ್ಲೆ ಹೇಳಲು ಹೋಗಬೇಡಿ

ಆನ್‌ಲೈನ್ ಮಾರಾಟದ ಕಂಪನಿಯೊಂದರಲ್ಲಿ ವಿಳಾಸಗಳ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಗ್ರಾಹಕರು ಬರೆದ ವಿಳಾಸ ಸರಿ ಇದೆಯಾ, ಪಾರ್ಸಲ್ ಯಾವ ಹಬ್‌ಗೆ ಹೋಗಬೇಕು, ಬಿಲ್ಲಿನಲ್ಲಿ ಯಾವ ರಾಜ್ಯ ಬರಬೇಕು, ಇವನ್ನೆಲ್ಲ ನಮ್ಮ ಟೀಮ್ ನೋಡುತ್ತದೆ. ಹೊಸದಾಗಿ ಸೇರಿದವರು ಬಂದ ಕೂಡಲೇ ಕೇಳುವ ಮಾತೊಂದಿದೆ: ಪಿನ್ ಕೋಡ್ ಇದ್ದ ಮೇಲೆ ಜಿಲ್ಲೆ, ರಾಜ್ಯ ಸುಮ್ನೆ ಯಾಕೆ ಕೇಳಬೇಕು? ಕೋಡ್‌ನಿಂದಲೇ ಗೊತ್ತಾಗುತ್ತದಲ್ವಾ?

ಅವರಿಗೆ ನಾನು 577 ತೋರಿಸುತ್ತೇನೆ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501. ಜಿಲ್ಲಾ ಕೇಂದ್ರಗಳು ನಾಲ್ಕು, ಮೊದಲ ಮೂರು ಅಂಕಿ ಒಂದೇ. ಅವು ಹೇಳುವುದು ಅಂಚೆಯವರು ಟಪಾಲು ವಿಂಗಡಿಸಲು ಮಾಡಿಕೊಂಡ ಜಿಲ್ಲೆಯನ್ನು. ಡಿಸಿ ಆಫೀಸಿನ ಗಡಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಕೇಂದ್ರದ ಸಂಪರ್ಕ ಖಾತೆಯ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ! ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳಲ್ಲಿ ಬರೆದ ವಿಳಾಸಗಳು, ಇವೇ ಆಗಿನ ತಲೆನೋವು. ನಮ್ಮಲ್ಲೇ ಹೊಸಹಳ್ಳಿಗಳು ಎಷ್ಟಿಲ್ಲ? ಮೊದಲ ಅಂಕಿ ದೇಶವನ್ನು ಎಂಟು ವಲಯ ಮಾಡುತ್ತದೆ, 9 ಸೇನೆಯದು. ನಾವು ಆಂಧ್ರ, ತೆಲಂಗಾಣದ ಜೊತೆ 5ರಲ್ಲಿ ಇದ್ದೇವೆ. ಅದರಲ್ಲಿ 56ರಿಂದ 59 ಕರ್ನಾಟಕಕ್ಕೆ. ಕೊನೆಯ ಮೂರು ಅಂಕಿ ಟಪಾಲು ಹಂಚುವ ಅಂಚೆ ಕಚೇರಿಯದು.

ಹರಪನಹಳ್ಳಿಯ ಕಥೆ ನನಗೆ ಬಲು ಇಷ್ಟ. ಬಳ್ಳಾರಿಯಲ್ಲಿದ್ದ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಪಿನ್ ಮಾತ್ರ ಇವತ್ತಿಗೂ ಬಳ್ಳಾರಿ ಸಾಲಿನದೇ, 583131. ಕೋಡ್‌ನಿಂದ ಜಿಲ್ಲೆ ತೆಗೆಯುವ ಪ್ರೋಗ್ರಾಂ ಬರೆದವರು ಇಂಥ ಊರಿನ ಜನರ ಹತ್ತಿರ ಬೈಸಿಕೊಳ್ಳುವುದು ಖಚಿತ.

ಜಿಲ್ಲೆ ತಪ್ಪಿದರೆ ಬೈಗುಳ, ರಾಜ್ಯ ತಪ್ಪಿದರೆ ತೆರಿಗೆಯ ತೊಂದರೆ. ಮಾಹೆ ಇರುವುದು ಕೇರಳದ ನಡುವೆ, ಪಿನ್ 673310, ಅಂದರೆ ಕೇರಳದ ಸಾಲು. ಆಡಳಿತ ಪುದುಚೇರಿಯದು. ಪುದುಚೇರಿಯದೇ ಇನ್ನೊಂದು ತುಂಡು ಯಾಣಂಗೆ ಆಂಧ್ರದ ಸಾಲಿನ 533464. ಕೇರಳದ ಗೋದಾಮಿನಿಂದ ಮಾಹೆಗೆ ಮಾಲು ಕಳಿಸಿದರೆ ಹಾಕಬೇಕಾದದ್ದು ಐಜಿಎಸ್‌ಟಿ, ಅಂದರೆ ರಾಜ್ಯದ ಹೊರಗಿನ ಮಾರಾಟಕ್ಕೆ ಹಾಕುವ ತೆರಿಗೆ. ಪಿನ್ ನಂಬಿ ರಾಜ್ಯದೊಳಗಿನ ಮಾರಾಟ ಅಂದುಕೊಂಡರೆ ಬಿಲ್ಲೇ ತಪ್ಪು. ಹಾಗಾಗಿ ಇಂಥ ಪಿನ್‌ಗಳಿಗೆ ನಮ್ಮಲ್ಲಿ ಬೇರೆಯೇ ಪಟ್ಟಿ ಇದೆ.

ಬೆಂಗಳೂರಿನದು ಇನ್ನೊಂದು ಬಗೆ. ಹಿರಿಯರು ಈಗಲೂ ‘ಬಸವನಗುಡಿ, ಬೆಂಗಳೂರು-4’ ಎಂದು ಬರೆದು ಸುಮ್ಮನಾಗುತ್ತಾರೆ. ಅದು ಪಿನ್ ಬರುವ ಮೊದಲಿನ ಅಂಚೆ ನಂಬರು. 560004ರ ಬಾಲದಲ್ಲಿ ಅದೇ ಕೂತಿದೆ, ದೆಹಲಿ-6 ಹೋಗಿ 110006 ಆದ ಹಾಗೆ. ಇಂಥ ವಿಳಾಸವನ್ನು ತಿರಸ್ಕರಿಸದೆ ಪಿನ್ ತುಂಬಿಕೊಳ್ಳುವ ಹಾಗೆ ಮಾಡಿದ್ದೇವೆ. ಆದರೆ 560 ಇದ್ದರೆ ಮಾತ್ರ ಬೆಂಗಳೂರು ಅನ್ನುವ ನಿಯಮ ನಿಲ್ಲುವುದಿಲ್ಲ. ಆನೇಕಲ್ ಬೆಂಗಳೂರು ನಗರ ಜಿಲ್ಲೆಯದೇ, ಪಿನ್ 562106.

ಜಾಸ್ತಿ ಕಷ್ಟ ಹಳ್ಳಿಗಳಲ್ಲಿ. ಸಣ್ಣ ಶಾಖಾ ಅಂಚೆ ಕಚೇರಿಗಳಿಗೆ ಸ್ವಂತ ಪಿನ್ ಇಲ್ಲ, ಅವು ಮೇಲಿನ ಉಪ ಅಂಚೆ ಕಚೇರಿಯದನ್ನೇ ಬಳಸುತ್ತವೆ. ಹೀಗಾಗಿ ಒಂದು ಪಿನ್ ಹಾಕಿದರೆ ಹಲವು ಊರುಗಳ ಪಟ್ಟಿ ತೆರೆದುಕೊಳ್ಳುತ್ತದೆ, ಜನ ಮೊದಲನೆಯದನ್ನೇ ಒತ್ತಿಬಿಡುತ್ತಾರೆ. ಅದಕ್ಕೇ ಪಟ್ಟಿಯಲ್ಲಿ ಯಾವ ಊರನ್ನೂ ಮೊದಲೇ ಆರಿಸಿಡಬೇಡಿ ಅಂತ ಹೊಸಬರಿಗೆ ಹೇಳುತ್ತೇನೆ. ಊರು, ತಾಲೂಕು ಗ್ರಾಹಕರೇ ಬರೆಯಲಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಅದು ಸುಮಾರು ನಾಲ್ಕು ಮೀಟರ್ ಚೌಕಕ್ಕೊಂದರಂತೆ ಕೊಡುವ ಹತ್ತು ಅಕ್ಷರ-ಅಂಕಿಗಳ ಕೋಡ್. ನಮ್ಮ ಫಾರ್ಮ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇವೆ, ತುಂಬುವವರು ಇನ್ನೂ ಅಪರೂಪ.